ತಂಗಿಯ ಗುಂಡಿಗೆ, ನನ್ನ ವಾದ

ತಂಗಿಯ ಇಸಿಜಿ ಕಾಗದವನ್ನು ಮನೆಯಲ್ಲಿ ಮೊದಲು ಓದಿದವಳು ನಾನು. ಓದಿದೆ ಎಂದರೆ ಗೆರೆಗಳನ್ನಲ್ಲ. ಗೆರೆಗಳ ನೆತ್ತಿಯಲ್ಲಿ ಯಂತ್ರ ತಾನಾಗಿಯೇ ಅಚ್ಚು ಹಾಕಿದ್ದ ಒಂದು ಇಂಗ್ಲಿಷ್ ಪದವನ್ನು. ಅಬ್‌ನಾರ್ಮಲ್. ಅವಳಿಗೆ ಆಗ ಹತ್ತೊಂಬತ್ತು, ಎಂಟುನೂರು ಮೀಟರ್ ಓಡುತ್ತಿದ್ದಳು. ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸಕ್ಕೆ ನಡೆಯುವ ಆಯ್ಕೆ ಓಟ ಏಳು ವಾರ ದೂರದಲ್ಲಿತ್ತು. ಅದಕ್ಕೆ ಮುಂಚೆ ತನ್ನ ಓಟಗಾರ್ತಿಯರೆಲ್ಲರೂ ಇಸಿಜಿ ತೆಗೆಸಿಕೊಂಡು ಬರಬೇಕೆಂದು ಅವಳ ಕೋಚ್ ಹೇಳಿದ್ದರು.

“ಏನ್ ಬರದಾರ?” ಎಂದಳು ಅವ್ವ.

“ಸರಿ ಇಲ್ಲ ಅಂತ.”

“ಯಾವುದು?”

“ಎದಿ.”

ತಂಗಿ ಹೊಸ್ತಿಲ ಮೇಲೆ ಕೂತು ಶೂ ಲೇಸು ಬಿಗಿಯುತ್ತಾ, “ಏ, ಎಲ್ಲಾರದೂ ಹಂಗ ಬಂದೈತಿ ಬಿಡು” ಎಂದಳು.

ಎಲ್ಲರದೂ ಹಾಗೇ ಬಂದಿದೆ ಎನ್ನುವುದು ಸಮಾಧಾನವೋ, ಇನ್ನೂ ದೊಡ್ಡ ಆರೋಪವೋ? ನನಗೆ ಎರಡನೆಯದಾಗಿಯೇ ಕೇಳಿಸಿತು.

ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ, ಮೂರು ವರ್ಷಗಳಿಂದ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಹೈದರಾಬಾದಿನಲ್ಲಿ ಅವು ಎಲ್ಲರೂ ಎಲ್ಲವನ್ನೂ ನಂಬುತ್ತಿದ್ದ ವರ್ಷಗಳು. ಅಮೀರ್‌ಪೇಟೆಯ ಯಾವುದೋ ಮೂರನೆಯ ಮಹಡಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಮೂರು ತಿಂಗಳು ಕೂತರೆ ಕೆಲಸ ಖಾತ್ರಿ ಎಂದು ಬಸ್ಸಿನ ಹಿಂಬದಿಯಲ್ಲಿ ಬರೆದಿದ್ದರೆ ನಂಬುತ್ತಿದ್ದರು. ಊರಾಚೆಯ ಬಂಡೆಗಳ ನಡುವೆ ಗಾಜಿನ ಕಟ್ಟಡ ಏಳುತ್ತದೆ ಎಂದರೆ ನಂಬುತ್ತಿದ್ದರು, ಅದು ಎದ್ದೂ ಬಿಡುತ್ತಿತ್ತು. ಇಂಥ ಊರಿನಲ್ಲಿ ಒಬ್ಬಳಾದರೂ ನಂಬದೆ ಉಳಿಯಬೇಕೆಂದು ನನ್ನಷ್ಟಕ್ಕೆ ನಾನೇ ಹೊಣೆ ಹೊತ್ತುಕೊಂಡಿದ್ದೆ. ತರಕಾರಿಯವನು ತಾಜಾ ಎಂದರೆ “ಯಾವತ್ತಿನ ತಾಜಾ?” ಎನ್ನುತ್ತಿದ್ದೆ. ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯಲ್ಲಿ ನನ್ನನ್ನು ‘ವಕೀಲಮ್ಮ’ ಎಂದೇ ಕರೆಯುತ್ತಿದ್ದರು. ಹೊಗಳಿಕೆ ಎಂದು ತಿಳಿದು ಬಹಳ ದಿನ ಖುಷಿಪಟ್ಟಿದ್ದೆ.

ಕೋಚ್ ಮೇಲೆ ನನಗೆ ಹಳೆಯ ಅನುಮಾನವೊಂದಿತ್ತು. ಅವರದು ಒಂದು ಪದ್ಧತಿ: ಓಡುವ ಹುಡುಗಿಯರು ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ, ಮಲಗಿದಲ್ಲೇ, ನಾಡಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೈದಾನಕ್ಕೆ ಬಂದೊಡನೆ ಅದನ್ನು ಅವರಿಗೆ ತೋರಿಸಬೇಕು. ಎರಡು ವರ್ಷದ ಹಿಂದೆ ತಂಗಿಯ ಪುಸ್ತಕದ ಮೊದಲ ಪುಟದಲ್ಲಿ ಅರವತ್ತೆಂಟು ಇತ್ತು. ಈಗ ನಲವತ್ನಾಲ್ಕು. ಅವ್ವ ಪಕ್ಕದ ಮನೆಯವರಿಗೆ, “ನಮ್ಮಾಕಿದು ಭಾಳ ಶಾಂತ ಗುಂಡಿಗೆರಿ, ಸಾವಕಾಶ ಬಡೀತೈತಿ” ಎಂದು ಹೇಳಿಕೊಳ್ಳುತ್ತಿದ್ದಳು. ನನ್ನ ಕಣ್ಣಿಗೆ ಅದು ತಳ ಕಾಣುತ್ತಿರುವ ಟ್ಯಾಂಕಿನ ಹಾಗಿತ್ತು. ಎರಡು ವರ್ಷದಲ್ಲಿ ಇಪ್ಪತ್ನಾಲ್ಕು ಬಡಿತ ಎಲ್ಲಿ ಹೋದವು? ಯಾರು ತೆಗೆದುಕೊಂಡರು?

ಮರುದಿನ ಬೆಳಿಗ್ಗೆ ಇಸಿಜಿ ಕಾಗದ ಹಿಡಿದು ಮೈದಾನಕ್ಕೆ ಹೋದೆ. ಏಳೆಂಟು ಜನ ತಂದೆತಾಯಿಯರು ಬೇಲಿಯ ಪಕ್ಕ ಫ್ಲಾಸ್ಕಿನ ಚಹಾ ಕುಡಿಯುತ್ತಾ ನಿಂತಿದ್ದರು. ಕೋಚ್ ಐವತ್ತು ದಾಟಿದ ಮನುಷ್ಯ, ಕೊರಳಲ್ಲಿ ಸೀಟಿ, ಮಾತು ಪೂರ್ತಿ ಹೈದರಾಬಾದಿ ಹಿಂದಿ. ಕಾಗದ ನೋಡಿ ನಕ್ಕರು.

“ಅರೇ ಬೇಟಾ, ಮಷೀನಿಗೆ ಏನು ಗೊತ್ತು? ಮೇಲೆ ಮಲಗಿದವಳು ಓಡುವವಳೋ, ಸೀರಿಯಲ್ ನೋಡುವವಳೋ ಅಂತ ಅದು ಕೇಳುತ್ತದಾ? ಓಡುವವರ ದಿಲ್ ದೊಡ್ಡದಾಗುತ್ತದೆ, ನಿಧಾನ ಆಗುತ್ತದೆ. ಮಷೀನು ಗಾಬರಿ ಆಗುತ್ತದೆ.”

“ಯಂತ್ರದ ಮಾತು ನಂಬುವುದಿಲ್ಲ ಅಂದರೆ ಯಂತ್ರದ ಹತ್ತಿರ ಕಳಿಸಿದ್ದೇಕೆ?”

“ಕಳಿಸಬೇಕು ಅಂತ ಕಳಿಸಿದೆ. ನೂರು ಜನರಲ್ಲಿ ಒಬ್ಬರದು ಸುಳ್ಳು ಗಾಬರಿ ಅಲ್ಲದೆಯೂ ಇರಬಹುದು.”

“ಅಂದರೆ ಆ ಒಬ್ಬರು ಯಾರು ಅಂತ ನಿಮಗೆ ಗೊತ್ತಿಲ್ಲ. ಆದರೂ ನಗುತ್ತೀರಿ.”

ತಂದೆತಾಯಿಯರು ಚಹಾ ಕುಡಿಯುವುದನ್ನು ನಿಲ್ಲಿಸಿದ್ದರು. ಸಭೆ ನನ್ನ ಕಡೆ ತಿರುಗಿದ್ದು ತಿಳಿದರೆ ನಾನು ನಿಲ್ಲಿಸುವವಳಲ್ಲ. “ಮೆಡಲ್ ನಿಮ್ಮ ಹೆಸರಿಗೆ, ಗುಂಡಿಗೆ ಮಾತ್ರ ಅವಳದು. ದಿನಾ ಪುಸ್ತಕದಲ್ಲಿ ಬರೆಸಿಕೊಂಡು ಏನು ನೋಡುತ್ತಿದ್ದೀರಿ, ಎಷ್ಟು ಉಳಿದಿದೆ ಅಂತಲಾ?” ಎಂದೆ.

ಅವರ ಮುಖ ಕೆಂಪಾಯಿತು. ಜೇಬಿನಿಂದ ಪೆನ್ನು ತೆಗೆದು, ಕಾಗದದ ಹಿಂಬದಿಯಲ್ಲಿ ಒಬ್ಬ ಹೃದಯದ ಡಾಕ್ಟರ ವಿಳಾಸ ಬರೆದು ಕೊಟ್ಟು, “ಇವರಿಗೆ ತೋರಿಸುವ ತನಕ ಅವಳು ಓಡುವುದು ಬೇಡ” ಎಂದರು. ಆಹಾ, ಅವರದೇ ಡಾಕ್ಟರು! ನಾನು ವಿಳಾಸವನ್ನು ಬೇಕೆಂದೇ ಬಿಟ್ಟು ಇನ್ನೊಬ್ಬರನ್ನು ಹುಡುಕಿದೆ. ಪರಿಚಯ ಇಲ್ಲದವರು, ಕೋಚ್ ಹೆಸರು ಕೇಳದವರು, ಕ್ರೀಡೆಯಲ್ಲಿ ಆಸಕ್ತಿಯೂ ಇಲ್ಲದವರು ಸಿಕ್ಕರು. ಅವರೂ ಕೋಚ್ ಹೇಳಿದ್ದನ್ನೇ ಹೇಳಿದಾಗ ನನಗಾದ ನಿರಾಸೆಯನ್ನು ಇಂದು ನೆನೆದರೆ ನಾಚಿಕೆಯಾಗುತ್ತದೆ. ತಂಗಿಗೆ ಕಾಯಿಲೆಯಿಲ್ಲದೆ ಹೋದೀತೆಂದು ನಿರಾಸೆಯೇ?

ಡಾಕ್ಟರು ಎಕೋ ಮಾಡಿ, ಪರದೆಯ ಮೇಲೆ ಮಿಡಿಯುತ್ತಿದ್ದ ಬೂದುಬಣ್ಣದ ಚಿತ್ರ ತೋರಿಸಿದರು. ಹೃದಯವೂ ಒಂದು ಸ್ನಾಯುವೇ. ವರ್ಷಗಟ್ಟಲೆ ದಿನಾ ಓಡಿದರೆ ಅದರ ಕೋಣೆಗಳು ಅಗಲವಾಗುತ್ತವೆ, ಗೋಡೆ ಸ್ವಲ್ಪ ದಪ್ಪವಾಗುತ್ತದೆ. ಒಂದೇ ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದರಿಂದ ಕಡಿಮೆ ಸಲ ಬಡಿದರೂ ಸಾಕು. ನಲವತ್ನಾಲ್ಕು ಹಾಗೆ ಬಂದದ್ದು, ಅದು ಸೊರಗುವುದಲ್ಲ. ನನ್ನ ಟ್ಯಾಂಕಿನ ವಾದ ಅಲ್ಲಿಗೆ ಮುಗಿಯಿತು.

“ಆದರೆ,” ಎಂದರು ಡಾಕ್ಟರು. ನಾನು ಕುರ್ಚಿಯಲ್ಲಿ ಮುಂದಕ್ಕೆ ಸರಿದೆ. ಆದರೆ, ಇನ್ನೊಂದು ಕಾಯಿಲೆ ಉಂಟು. ಓಡಲಿ ಬಿಡಲಿ, ಹುಟ್ಟಿನಿಂದ ಬಂದ ಕಾರಣಕ್ಕೆ ಗೋಡೆ ತನ್ನಷ್ಟಕ್ಕೆ ದಪ್ಪವಾಗುತ್ತದೆ. ಅಂಥವರು ಜೋರಾಗಿ ಓಡುವಾಗ ಬಡಿತದ ತಾಳ ಒಮ್ಮೆಲೇ ಕೆಟ್ಟು ಕುಸಿಯಬಹುದು, ಏಳದೆಯೂ ಹೋಗಬಹುದು. ತಂಗಿಯ ಗೋಡೆ ಎರಡರ ನಡುವಿನ ಗಡಿಯಲ್ಲಿದೆ. ಬರಿಯ ಚಿತ್ರ ನೋಡಿ ಇತ್ತಲೋ ಅತ್ತಲೋ ಹೇಳಲಾಗದು. ತಿಳಿಯಲು ಎರಡು ದಾರಿ. ಮೂರು ತಿಂಗಳು ಓಟ ಪೂರ್ತಿ ಬಿಟ್ಟು ಮತ್ತೆ ಅಳೆಯುವುದು: ಓಟದಿಂದ ಬಂದ ದಪ್ಪವಾದರೆ ಇಳಿಯುತ್ತದೆ, ಹುಟ್ಟಿನಿಂದ ಬಂದದ್ದಾದರೆ ಇಳಿಯುವುದಿಲ್ಲ. ಇನ್ನೊಂದು, ಮನೆತನವನ್ನು ಕೇಳುವುದು.

ಅವರು ಅಪ್ಪನ ಕಡೆ ತಿರುಗಿದರು. ನಿಮ್ಮ ಕಡೆ ಯಾರಿಗಾದರೂ ಹೃದಯದ ಕಾಯಿಲೆ?

“ಇಲ್ಲ ಸಾರ್.”

ಇದ್ದಕ್ಕಿದ್ದಂತೆ ಮೂರ್ಛೆ ಬೀಳುವುದು?

“ಇಲ್ಲ ಸಾರ್.”

ಸಣ್ಣ ವಯಸ್ಸಿನಲ್ಲಿ ಯಾರಾದರೂ ಕಾರಣವಿಲ್ಲದೆ...

“ಇಲ್ಲ ಸಾರ್, ಇಲ್ಲ.”

ಅವ್ವನ ಕಡೆಯೂ ಇಲ್ಲ. ನಿನಗೆ? ಎಂದು ತಂಗಿಯನ್ನು ಕೇಳಿದರು. “ಇಲ್ಲ” ಎಂದಳು. ಹಾಗಾದರೆ ಇದು ಓಟದ ಹೃದಯವೇ ಇರುವ ಸಂಭವ ಹೆಚ್ಚು, ಆದರೂ ಮೂರು ತಿಂಗಳು ನಿಲ್ಲಿಸುವುದೇ ಉತ್ತಮ ಎಂದರು. ತಂಗಿಯ ಕಣ್ಣು ತುಂಬಿತು. ಆಯ್ಕೆಗೆ ಉಳಿದಿದ್ದುದು ಆರು ವಾರ, ಮುಂದಿನ ಸಲ ಯಾವಾಗಲೋ. ಡಾಕ್ಟರು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ, ಮನೆತನದಲ್ಲಿ ಏನೂ ಇಲ್ಲದ್ದರಿಂದ ಹಗುರ ಅಭ್ಯಾಸ ಮಾಡಬಹುದು, ಆಯ್ಕೆಗೆ ಮೊದಲು ಬಂದು ತೋರಿಸಬೇಕು ಎಂದು ಬರೆದರು. ಆ ‘ಇಲ್ಲ’ಗಳ ಮೇಲೆ ನಿಂತ ಅನುಮತಿ ಅದು. ಎದುರಾಳಿಯ ಪ್ರತಿ ಮಾತಿಗೂ ಸಾಕ್ಷಿ ಕೇಳುವ ನಾನು ಅಪ್ಪನನ್ನು ಕೇಳಲೇ ಇಲ್ಲ. ಅಪ್ಪ ನನ್ನ ಪಕ್ಷದವರಾಗಿದ್ದರು.

ಮುಂದಿನ ವಾರವೆಲ್ಲಾ ಇಂಟರ್‌ನೆಟ್ ಕೆಫೆಯಲ್ಲಿ ಕೂತು ಓಟಗಾರರ ಹೃದಯದ ಬಗ್ಗೆ ಸಿಕ್ಕಿದ್ದನ್ನೆಲ್ಲಾ ಓದಿದೆ, ಮುದ್ರಿಸಿದೆ. ಕೋಚ್ ಹೆಚ್ಚು ಓಡಿಸಿದರು ಎನ್ನಲು ನೆರವಾಗುವ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದೆ. ಮನೆತನದ ಚರಿತ್ರೆ ಎಂಬ ಭಾಗದಲ್ಲಿ, ಚೆನ್ನಾಗಿ ಈಜು ಬರುವವರು ಮುಳುಗಿ ಸತ್ತಿದ್ದರೆ ಅದನ್ನೂ ಕೇಳಿ ತಿಳಿಯಬೇಕು ಎಂದೊಂದು ಸಾಲಿತ್ತು. ಅದರ ಕೆಳಗೆ ಗೆರೆ ಎಳೆಯಲಿಲ್ಲ. ನನ್ನ ವಾದಕ್ಕೆ ಅದರಿಂದ ಉಪಯೋಗವಿರಲಿಲ್ಲ.

ಮತ್ತೆರಡು ವಾರ ಕಳೆಯುವಷ್ಟರಲ್ಲಿ ಕ್ಯಾಂಪಸ್‌ನಲ್ಲೇ ನನಗೆ ಕೆಲಸ ಸಿಕ್ಕಿತು, ಊರಾಚೆಯ ಗಾಜಿನ ಕಟ್ಟಡವೊಂದರಲ್ಲಿ. ಕಂಪನಿಯವರು ಆರೋಗ್ಯದ ಫಾರಂ ಕಳಿಸಿದ್ದರು. ಅಪ್ಪನಿಗೆ ಅಂದು ರಜೆ. ಅವರು ಗೂಡ್ಸ್ ಗಾಡಿಯ ಗಾರ್ಡ್. ಇಂಥ ಫಾರಂಗಳಲ್ಲಿ ತಮ್ಮಷ್ಟು ಅನುಭವ ಇಡೀ ಮಲ್ಕಾಜ್‌ಗಿರಿಯಲ್ಲಿ ಯಾರಿಗೂ ಇಲ್ಲವೆಂದು ಕನ್ನಡಕ ಹಾಕಿಕೊಂಡು ಎದುರು ಕೂತರು.

“ಸಕ್ಕರಿ ಕಾಯಿಲೆ?” ಎಂದು ಓದಿದೆ.

“ನಿಲ್.”

“ಫಿಟ್ಸ್?”

“ನಿಲ್.”

“ಮನೆತನದಾಗ ಯಾರರ ಸಣ್ಣ ವಯಸ್ಸಿನಾಗ...”

“ನಿಲ್. ಬರಿ.”

“ಪೂರ್ತಿ ಓದಾಕರ ಬಿಡ್ರಿ ಅಪ್ಪಾ.”

“ಪೂರ್ತಿ ಓದಿದರ ನಿಲ್ ಬದಲಾಗತೈತೇನು? ಇಪ್ಪತ್ತಾರು ವರ್ಷ ಆತು, ಮೆಡಿಕಲ್‌ನ್ಯಾಗ ಒಂದಕ್ಕೂ ಹೌದು ಅಂದಾಂವಲ್ಲ ನಾ. ಕೇಳಿದ್ದಕ್ಕ ಇಲ್ಲ ಅನ್ನೂದು, ಕೇಳದ್ದು ಹೇಳದಿರೂದು. ಹೌದು ಅಂದಾವರು ಈಗ ಗಾಡಿ ಬಿಟ್ಟು ಗೋದಾಮಿನ್ಯಾಗ ಕುಂತು ಚೀಟಿ ಬರ್ಯಾಕತ್ತಾರ.”

ನಮ್ಮ ಸಾಲಿನ ರೈಲ್ವೆಯವರ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ರೂಢಿ. ಗಾಡಿಯ ಮೇಲಿರುವವರಿಗೆ ಕೆಲವು ವರ್ಷಕ್ಕೊಮ್ಮೆ ಮೆಡಿಕಲ್ ಬರುತ್ತದೆ. ಅದು ಅವರ ಲೆಕ್ಕದಲ್ಲಿ ಪರೀಕ್ಷೆ, ಪಾಸಾಗಬೇಕಾದ್ದು. ವಾರ ಮೊದಲೇ ಚಹಾ ಬಿಡುವವರಿದ್ದರು, ಮಧ್ಯಾಹ್ನ ಕಡ್ಡಾಯವಾಗಿ ಮಲಗುವವರಿದ್ದರು. ಡಾಕ್ಟರ ಎದುರು ಬಾಯಿ ತಾನಾಗಿ ‘ಇಲ್ಲ’ ಎನ್ನುತ್ತಿತ್ತು.

ನಾನು ನಿಲ್ ಬರೆದೆ. ಪೆನ್ನು ಮುಚ್ಚುವಾಗ ಆ ದಿನದ ಡಾಕ್ಟರ ಕೋಣೆ ನೆನಪಾಯಿತು. ಅದೇ ದನಿ, ಅದೇ ವೇಗ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಅಪ್ಪ ಅಂದು ಮಗಳ ಡಾಕ್ಟರಿಗೆ ಉತ್ತರ ಕೊಟ್ಟಿರಲಿಲ್ಲ. ಮೆಡಿಕಲ್ ಪಾಸು ಮಾಡಿದ್ದರು.

ಮರುದಿನ ಕಾಲೇಜಿಗೆಂದು ಹೊರಟವಳು ಕಾಚಿಗೂಡಕ್ಕೆ ಹೋದೆ. ಅಪ್ಪನ ಅಕ್ಕ ಅಲ್ಲಿರುತ್ತಿದ್ದಳು; ಕೆಳಗೆ ಮಾವನ ಇಳಕಲ್ ಸೀರೆ ಅಂಗಡಿ, ಮೇಲೆ ಮನೆ. ಅತ್ತಿ ನೆಲದ ಮೇಲೆ ಮೊರ ಇಟ್ಟುಕೊಂಡು ಅಲಸಂದಿ ಹಸನು ಮಾಡುತ್ತಿದ್ದಳು.

“ಏನವ್ವಾ, ಹಾದಿ ತಪ್ಪಿ ಬಂದಿಯೇನು?”

“ಅತ್ತೀ, ಕಾಕಾ ಹ್ಯಾಂಗ ಸತ್ತ?”

ಕಾಕಾ ಎಂದರೆ ಅಪ್ಪನ ತಮ್ಮ. ನಾನು ಹುಟ್ಟುವ ಮೊದಲೇ, ಇಪ್ಪತ್ತಮೂರರಲ್ಲಿ, ಗದಗದ ಕಡೆಯ ನಮ್ಮ ಹಳ್ಳಿಯ ಬಾವಿಯಲ್ಲಿ ತೀರಿಹೋಗಿದ್ದನೆಂದಷ್ಟೇ ನನಗೆ ಗೊತ್ತಿತ್ತು.

“ಹೊತ್ತು ಏರೂದರಾಗ ಎಂಥಾ ಮಾತು ತಗದಿ ನೀ! ಬಾವ್ಯಾಗ ಮುಳುಗಿದ, ಗೊತ್ತಿಲ್ಲೇನು?”

“ಈಜು ಬರತಿರಲಿಲ್ಲೇನು?”

“ಅಯ್ಯ! ಊರಾಗಿನ ಹುಡುಗರಿಗೆಲ್ಲಾ ಬೆಂಡು ಕಟ್ಟಿ ಈಜು ಕಲಿಸಿದಾಂವನ ಅಂವ.”

“ಮತ್ತ ಹ್ಯಾಂಗ ಮುಳುಗಿದ?”

“ಕಾಲಿಗೆ ಬಳ್ಳಿ ಸುತ್ತಿತಂತ. ನಿಮ್ಮಪ್ಪ ಅಲ್ಲೇ ಇದ್ದ, ಅಂವನ ಹೇಳಿದ.”

“ಆ ಬಾವಿ ನಾನೂ ನೋಡೇನಿ ಅತ್ತಿ. ತಳದಿಂದ ಮ್ಯಾಲಿನ ತನಕ ಕಲ್ಲು ಕಟ್ಟ್ಯಾರ. ಬಳ್ಳಿ ಎಲ್ಲಿತ್ತು?”

ಅತ್ತಿಯ ಬೆರಳು ಕಾಳಿನಲ್ಲಿ ನಿಂತವು. ಅದಕ್ಕೂ ಮೊದಲು ಕಬಡ್ಡಿ ಆಡುವಾಗ ಅವನು ಎರಡು ಸಲ ಸುಮ್ಮನೆ ಬಿದ್ದಿದ್ದ, ದೃಷ್ಟಿಯಾಗಿದೆ ಎಂದು ಅಜ್ಜಿ ದಾರ ಕಟ್ಟಿಸಿದ್ದಳು ಎಂದಳು. “ನಿಮ್ಮಪ್ಪನ ಮುಂದ ಇದನ್ನ ಎತ್ತಬ್ಯಾಡವ್ವಾ. ಅಂವ ತಡಕೊಳ್ಳಂಗಿಲ್ಲ.”

ಎತ್ತಬಾರದು ಎಂದಮೇಲೆ ಹೇಗೆ ಎತ್ತಬೇಕೆಂದಾದರೂ ಯೋಚಿಸಬೇಕಿತ್ತು. ನಾನು ಯೋಚಿಸಲಿಲ್ಲ. ಸಂಜೆ ಅಪ್ಪ ಡ್ಯೂಟಿಗೆ ಹೊರಡಲು ಪೆಟ್ಟಿಗೆ ಜೋಡಿಸುತ್ತಿದ್ದಾಗ, ಅವ್ವ, ತಂಗಿ ಇಬ್ಬರ ಎದುರಿಗೇ ಕೇಳಿದೆ. “ಅಪ್ಪಾ, ಕಲ್ಲು ಕಟ್ಟಿದ ಬಾವ್ಯಾಗ ಬಳ್ಳಿ ಎಲ್ಲಿಂದ ಬಂತ್ರಿ?”

ಅಪ್ಪ ನನ್ನನ್ನು ನೋಡಿದರು. ಪೆಟ್ಟಿಗೆ ಮುಚ್ಚಿ, ಎತ್ತಿಕೊಂಡು, ಚಪ್ಪಲಿ ಹಾಕಿಕೊಂಡು ಹೊರಟುಹೋದರು. ಶೂ ಹಾಕಿಕೊಳ್ಳುವುದನ್ನೂ ಮರೆತಿದ್ದರು.

ವಿಷಯವೇನೆಂದು ತಂಗಿಗೆ ತಿಳಿಸಿದಾಗ ಅವಳು ಸಿಡಿದಳು. “ಆಯ್ಕೆ ಎರಡು ವಾರ ಐತಿ ಅನ್ನೂವಾಗ ಹುಡುಕಿ ತಂದೀ ಏನು ಇದನ್ನ? ಮೊದ್ಲ ಕೋಚ್ ಸರ್ ಕಳ್ಳ ಅಂದಿ. ಈಗ ಅಪ್ಪ ಕಳ್ಳ. ನಾಳೆ ನಾನು. ನನ್ನ ಗುಂಡಿಗಿ ಏನರ ಆಗಲಿ ಅಕ್ಕಾ, ನಿನಗ ಗೆಲ್ಲೂದು ಬೇಕು.”

“ನೀ ಸತ್ತರ ನಾ ಏನ ಗೆದ್ದಂಗಾತು?”

“ನೋಡು, ಅದಕ್ಕೂ ಉತ್ತರ ತಯಾರೈತಿ ನಿನ್ನ ಕಡೆ!”

ಅಪ್ಪ ಮರುದಿನ ಮಧ್ಯಾಹ್ನ ಬಂದರು. ಕೈಕಾಲು ತೊಳೆಯಲಿಲ್ಲ. ಗೋಡೆಗೊರಗಿ ಕೂತು, ಯಾರನ್ನೂ ನೋಡದೆ ಹೇಳಿದರು.

“ಅಂವ ಮ್ಯಾಲಿಂದ ಧುಮುಕಿದ. ನೀರ ಮ್ಯಾಲ ಬಂದ. ಎರಡು ಕೈ ಹೊಡದ. ಆಮ್ಯಾಗ ಮಾರಿ ಕೆಳಗ ಮಾಡಿ ಸುಮ್ಮನ ತೇಲಿದ. ಉಸಿರು ಹಿಡದು ನನ್ನ ಹೆದರಸಾಕತ್ತಾನ ಅಂತ ತಿಳದೆ ನಾ. ಮೆಟ್ಟಿಲ ಮ್ಯಾಲ ಕುಂತು ನಕ್ಕೆ. ಸಾಕೋ ನಾಟಕ, ಮ್ಯಾಲ ಬಾರೋ ಅಂದೆ. ಅಂವ ಕೆಳಗ ಇಳಿಯಾಕ ಹತ್ತಿದ ಮ್ಯಾಲ ಜಿಗದೆ. ಮನಿಗೆ ಹೊತ್ತು ತಂದಾಗ ನಮ್ಮವ್ವ ಕೇಳಿದಳು. ನಾ ನಗಾಕತ್ತಿದ್ದೆ ಅಂತ ಹೇಳ್ಲೇನು? ಬಳ್ಳಿ ಅಂದೆ.”

ವಿರೋಧ ಪಕ್ಷ ಒಪ್ಪಿಕೊಂಡಾಗ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

“ಶೂ ಹಾಕ್ಕೋ,” ಎಂದರು ಅಪ್ಪ ತಂಗಿಗೆ. “ಡಾಕ್ಟರ್ ಕಡೆ ಹೋಗೂಣು.”

ಡಾಕ್ಟರು ಈ ಸಲ ಅಪ್ಪನನ್ನು ಅವಸರಪಡಿಸದೆ ಕೇಳಿದರು. ಸಿಟ್ಟಾಗಲಿಲ್ಲ. ಅಪ್ಪ ಮುಗಿಸಿದ ಮೇಲೆ ತಂಗಿ ತಲೆ ತಗ್ಗಿಸಿಯೇ, ಹೋದ ಬೇಸಿಗೆಯಲ್ಲಿ ಕೊನೆಯ ತಿರುವಿನಲ್ಲಿ ಒಮ್ಮೆ ಕಣ್ಣಿಗೆ ಕತ್ತಲೆ ಬಂದು ಕೂತಿದ್ದೆ, ನೀರು ಕುಡಿದಿಲ್ಲ ಎಂದು ಕೋಚ್‌ಗೆ ಸುಳ್ಳು ಹೇಳಿದೆ ಎಂದಳು. ಹಾಗಾದರೆ ಮನೆಯವರೆಲ್ಲರ ಹೃದಯವನ್ನೂ ನೋಡಬೇಕು ಎಂದರು ಡಾಕ್ಟರು. ಮೊದಲು ನನ್ನದು. ಒಂದೇ ತಂದೆತಾಯಿಯ ಮಗಳು, ಯಾವತ್ತೂ ಓಡಿದವಳಲ್ಲ. ಓಟದ ಬೆರಕೆಯಿಲ್ಲದ ಹೃದಯ.

ನಾನು ಉತ್ಸಾಹದಿಂದಲೇ ಎದ್ದೆ. ಲೆಕ್ಕ ಸರಳವಾಗಿತ್ತು: ನನ್ನ ಗೋಡೆ ತೆಳುವಾಗಿದ್ದರೆ ತಂಗಿಯದು ಓಟದಿಂದ ದಪ್ಪವಾದದ್ದೇ ಇರಬಹುದು. ಅವಳು ಬದುಕಿದಳು, ಕೋಚ್ ಸಿಕ್ಕಿಬಿದ್ದರು. ನನ್ನ ಕೇಸಿಗೆ ನಾನೇ ಸಾಕ್ಷಿ.

ಎದೆಗೆ ತಣ್ಣನೆಯ ಅಂಟು ಸವರಿ, ಟೆಕ್ನಿಷಿಯನ್ ಪರದೆ ನೋಡುತ್ತಾ ಹಿಂದಿಯಲ್ಲಿ, “ಮೇಡಂ, ನೀವು ಯಾವ ಆಟ?” ಎಂದ.

“ಚರ್ಚಾಸ್ಪರ್ಧೆ.”

ಅವನು ನಗಲಿಲ್ಲ. ಅದೇ ಜಾಗವನ್ನು ಮತ್ತೆ ಅಳೆದ. ಇನ್ನೊಮ್ಮೆ ಅಳೆದ. ಆಮೇಲೆ ಎದ್ದು ಹೋಗಿ ಡಾಕ್ಟರನ್ನು ಕರೆತಂದ.

ನನ್ನ ಗೋಡೆ ತಂಗಿಯದಕ್ಕಿಂತ ದಪ್ಪವಾಗಿತ್ತು. ಇದು ಗಡಿಯಲ್ಲಿಲ್ಲ, ಗಡಿಯಿಂದ ಬಹಳ ಆಚೆಗಿದೆ ಎಂದರು ಡಾಕ್ಟರು. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದಾ? ಎದೆ ಢವಢವ ಎನ್ನುವುದು? ಬರುತ್ತಿತ್ತು. ವೇದಿಕೆಯ ಮೇಲೆ ಖಂಡನೆಗೆ ಏಳುವಾಗಲೆಲ್ಲಾ ಎದೆ ಕುದುರೆಯಂತೆ ಓಡುತ್ತಿತ್ತು. ಅದು ನನ್ನ ಆವೇಶ, ನನ್ನ ಪ್ರತಿಭೆ ಎಂದುಕೊಂಡಿದ್ದೆ. ಎಲ್ಲರ ಎದೆಯನ್ನೂ ಅನುಮಾನಿಸಿದವಳು ನನ್ನದನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ತಂಗಿ ನನ್ನನ್ನು ದಿಟ್ಟಿಸಿದಳು. “ನೀ ಬಸ್ಸಿಗೂ ಓಡಾಕಿ ಅಲ್ಲಲ್ಲ ಅಕ್ಕಾ. ದಿನಾ ಹತ್ತು ಕಿಲೋಮೀಟರ್ ಓಡಿದಾಕಿ ನಾನು. ದಪ್ಪ ಆದದ್ದು ನಿಂದಾ?” ನಗು ಬಂತು ಅವಳಿಗೆ. ನಗುತ್ತಲೇ ಅಳು ಬಂತು. ಆಮೇಲೆ ನನ್ನ ಕೈ ಬಿಗಿಯಾಗಿ ಹಿಡಿದು, “ಎರಡೂ ಕಡೆ ವಾದ ಮಾಡಾಕ ಕಲಿಸ್ಯಾರಲ್ಲ ನಿನಗ? ಒಳಗ ನಡಿ. ನನ್ನ ಕಡೆ ಮಾಡು. ನಾ ಓಡಬೇಕು ಅಂತ ಮಾಡು” ಎಂದಳು.

ಮಾಡಿದೆ. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಯಾವ ಸಭೆಯಲ್ಲೂ ವಾದಿಸಿಲ್ಲ. ಅಕ್ಕನಿಗೆ ಬಂದದ್ದು ತಂಗಿಗೂ ಬಂದಿರಲೇಬೇಕೆಂದಿಲ್ಲ. ನನ್ನ ಹೃದಯ ನನ್ನ ಬಗ್ಗೆ ಸಾಕ್ಷಿ, ಅವಳ ಬಗ್ಗೆ ಅಲ್ಲ. ಅವಳದು ಓಟದ ದಪ್ಪವೂ ಇರಬಹುದು. ಡಾಕ್ಟರು ಪೂರ್ತಿ ಕೇಳಿದರು. “ಸರಿ. ಇರಬಹುದು. ನೀನು ಹೇಳಿದ್ದರಲ್ಲಿ ತಪ್ಪಿಲ್ಲ. ಅದು ನಿಜವಾದರೆ ಮೂರು ತಿಂಗಳಲ್ಲಿ ಗೋಡೆ ಇಳಿಯುತ್ತದೆ. ಅಲ್ಲಿಯ ತನಕ ಅವಳು ಓಡಿದರೆ, ನಿನ್ನ ವಾದ ತಪ್ಪಾದ ದಿನ ತಿದ್ದಿಕೊಳ್ಳಲು ಅವಳಿರುತ್ತಾಳಾ?” ಎಂದರು.

ತಂಗಿ ಎದ್ದು ಹೊರಗೆ ಹೋದಳು. ಆಯ್ಕೆ ಓಟ ಅವಳಿಲ್ಲದೆ ನಡೆಯಿತು.

ಕಂಪನಿಗೆ ಹೊಸ ಫಾರಂ ತುಂಬಿ ಕಳಿಸಿದೆ, ಈ ಸಲ ಕೇಳಿದ್ದಕ್ಕೆಲ್ಲಾ ಇದ್ದದ್ದು ಇದ್ದ ಹಾಗೆ. ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ, ಹೋಗಲಿಲ್ಲ. ದಿನವಿಡೀ ಕೂತು ಮಾಡುವ ಕೆಲಸಕ್ಕೆ ಎದೆಯ ಗೋಡೆ ಎಷ್ಟು ದಪ್ಪವಿದ್ದರೇನು! ಅದೇ ಗೋಡೆ ತಂಗಿಯ ಕೆಲಸವನ್ನು ಕಸಿದಿತ್ತು. ಇದರಲ್ಲಿ ನ್ಯಾಯ ಎಲ್ಲಿದೆಯೆಂದು ಹುಡುಕುವುದನ್ನು ನಾನು ಇನ್ನೂ ಬಿಟ್ಟಿಲ್ಲ. ಅಪ್ಪನೂ ಪರೀಕ್ಷೆ ಮಾಡಿಸಿಕೊಂಡರು, ಅವರದೂ ದಪ್ಪವೇ ಬಂತು. ಅದನ್ನು ತಮ್ಮ ಆಫೀಸಿಗೆ ಹೇಗೆ, ಯಾವಾಗ ಹೇಳಿದರೆಂಬುದು ಅವರ ಕತೆ, ಅವರೇ ಹೇಳಬೇಕು.

ಕೋಚ್ ಬಳಿ ಹೋದದ್ದು ನಾನೊಬ್ಬಳೇ. ಅದೇ ಬೇಲಿ, ಹೆಚ್ಚು ಕಡಿಮೆ ಅವೇ ತಂದೆತಾಯಿಯರು. ಬೈದದ್ದು ಎಲ್ಲರ ಎದುರು, ಕ್ಷಮೆಯನ್ನೂ ಎಲ್ಲರ ಎದುರೇ ಕೇಳಬೇಕು ಎಂದು ದನಿ ಏರಿಸಿದೆ. ಅವರು ಕೈ ಅಡ್ಡ ಹಿಡಿದರು.

“ಬಸ್ ಬೇಟಾ. ಭಾಷಣ ಬೇಡ. ಕೊನೇ ತಿರುವಿನಲ್ಲಿ ಅವಳು ಕೂತಾಗ ನೀರು ಕುಡಿದಿಲ್ಲ ಅಂದಳು, ನಾನು ನಂಬಿದೆ. ಅವತ್ತು ನಿನ್ನ ಅರ್ಧದಷ್ಟು ಶಕ್, ಅನುಮಾನ, ನನಗೆ ಇದ್ದಿದ್ದರೆ!” ಎಂದು ಹುಡುಗಿಯರ ಕಡೆ ತಿರುಗಿ ಸೀಟಿ ಊದಿದರು. ತಂಗಿಗೆ ಗಡಿಯಾರ ಹಿಡಿಯುವ ಕೆಲಸ ಕೊಡುತ್ತೇನೆಂದು ಹೇಳಿ ಕಳಿಸಿದ್ದರು. ಅವಳು, “ಮಂದಿ ಓಡೂದನ್ನ ನಿಂತು ನೋಡಾಕ ನಾ ಬರಂಗಿಲ್ಲ” ಎಂದಳು.

ಆ ಮೂರು ತಿಂಗಳು ಅವಳು ಮನೆಯಲ್ಲಿ ನಡೆದಾಡಿದ್ದನ್ನು ನೋಡಲಾಗುತ್ತಿರಲಿಲ್ಲ. ಅಡುಗೆಮನೆಯಿಂದ ಬಾಗಿಲು, ಬಾಗಿಲಿಂದ ಅಡುಗೆಮನೆ. ಅವಳು ಬೆಳಗಿನ ಜಾವ ಕದ್ದು ಓಡಲು ಹೋಗುತ್ತಾಳೆಂದು ನಾನು ಅನುಮಾನಿಸಿದೆ. ಅವಳ ಶೂ ತಳ ತಿರುಗಿಸಿ ಮಣ್ಣು ಹಸಿಯೋ ಒಣವೋ ನೋಡುತ್ತಿದ್ದೆ. ಒಂದು ದಿನ ಅವಳು ಅದನ್ನು ಕಂಡಳು. ಶೂಗಳನ್ನು ನನ್ನ ಮಂಚದ ಕೆಳಗೆ ತಂದಿಟ್ಟು ಹೋದಳು.

ಮೂರು ತಿಂಗಳ ಬಳಿಕ ಅಳೆದಾಗ ಗೋಡೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. “ಬ್ಯಾರೆ ಮಷೀನ್‌ನ್ಯಾಗ ನೋಡ್ರಿ” ಎಂದಳು. ನೋಡಿದರು. ಅಷ್ಟೇ ಇತ್ತು. ಸ್ಪರ್ಧೆಯ ಓಟ ಇನ್ನು ಇಲ್ಲ, ನಡೆಯಬಹುದು, ಮೂವರೂ ವರ್ಷಕ್ಕೊಮ್ಮೆ ಬರಬೇಕು, ಈ ಮಾತ್ರೆ ಇವರಿಗೆ, ಈ ಮಾತ್ರೆ ಅವರಿಗೆ ಎಂದು ಡಾಕ್ಟರು ಬರೆದುಕೊಟ್ಟರು. ಅವಳು ಚೀಟಿಯನ್ನು ಎರಡು ಸಲ ಓದಿ ಮಡಚಿ, ಅಪ್ಪನ ಕೈಲಿದ್ದ ಚೀಲಕ್ಕೆ ಹಾಕಿದಳು.

ಲೋಕಲ್ ಗಾಡಿಯಲ್ಲಿ ಬಂದು ಮಲ್ಕಾಜ್‌ಗಿರಿಯಲ್ಲಿ ಇಳಿದೆವು. ಮೇಲ್ಸೇತುವೆಯ ಬುಡದಲ್ಲಿ ಅವಳು ಒಂದು ಕ್ಷಣ ನಿಂತು, ಒಮ್ಮೆಲೇ ಎರಡೆರಡು ಮೆಟ್ಟಿಲು ಹಾರಿಸುತ್ತಾ ಹತ್ತತೊಡಗಿದಳು. ಇಳಿಯುತ್ತಿದ್ದ ಜನ ದಾರಿ ಬಿಟ್ಟರು.

“ಏ ನಿಧಾನ! ಡಾಕ್ಟರ್ ಏನಂದ್ರು?” ಎಂದು ಕೂಗಿದೆ.

ಅವಳು ತುದಿಯಲ್ಲಿ ನಿಂತು ತಿರುಗಿದಳು. “ನೀವಿಬ್ಬರೂ ನಿಧಾನ ಬರ್ರಿ. ನಿಂದು ನನ್ನಕಿಂತ ದಪ್ಪ ಐತಿ, ಮರತೀಯೇನು ವಕೀಲಮ್ಮಾ?”

ನಾನು ಅರ್ಧದಲ್ಲೇ ಏದುಸಿರು ಬಿಡುತ್ತಾ ಕಂಬಿ ಹಿಡಿದಿದ್ದೆ. ಎರಡು ಮೆಟ್ಟಿಲು ಕೆಳಗೆ ಅಪ್ಪ ಇನ್ನೊಂದು ಕಂಬಿ ಹಿಡಿದು ನಿಂತಿದ್ದರು. ಅವಳು ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು. ಕೆಳಗಿಳಿದು ಬಂದು ಅಪ್ಪನ ಕೈಯಿಂದ ಚೀಲ ತೆಗೆದುಕೊಂಡಳು, ಮತ್ತೆ ಹತ್ತಿದಳು. ಈ ಸಲ ಒಂದೊಂದೇ ಮೆಟ್ಟಿಲು.